ಧೂಳಮ್ಮನ ಖೋಲಿಯ ಹಗಲು

ಮೋರಖಂಡಿಯ ಜಗದೇವಿಗೆ ಮೂರು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಅದಕ್ಕೆ ಕಾರಣ ಅತ್ತೆ ಧೂಳಮ್ಮ. ಹಗಲೆಲ್ಲ ಗೊರಕೆ ಹೊಡೆಯುವ ಮುದುಕಿ ಊರು ಮಲಗಿದ ಮೇಲೆ ಎದ್ದು ಕೂರುತ್ತಾಳೆ. "ಏಳವ್ವಾ ಜಗದೇವಿ, ಹೊತ್ತ ಏರ್ಯಾದ, ಇನ್ನಾ ಅಂಗಳ ಕಸ ಹೊಡದಿಲ್ಲ" ಎಂದು ಕೂಗುತ್ತಾಳೆ. ಗಡಿಯಾರ ನೋಡಿದರೆ ಎರಡು ಗಂಟೆ. ಆ ಹೊತ್ತಿನಲ್ಲಿ ಅಂಗಳ ಗುಡಿಸಿದರೆ ಬೀದಿನಾಯಿಗಳಷ್ಟೇ ಮೆಚ್ಚಬೇಕು.

ಬೆಳಗಾದರೆ ಜಗದೇವಿಗೆ ಕೂಲಿ ಕೆಲಸ. ಹೋದ ವಾರ ಸೋಯಾ ಕೊಯ್ಯುವಾಗ ತೂಕಡಿಸಿ ಬೆರಳನ್ನೇ ಕೊಯ್ದುಕೊಂಡಳು. ಅಂದೇ ಗಂಡ ತುಳಜಾರಾಮ ಚಿಟಗುಪ್ಪದಲ್ಲಿರುವ ತಂಗಿ ಯಶೋದಾಬಾಯಿಗೆ ಫೋನ್ ಮಾಡಿದ. ದೀಪಾವಳಿ ಮುಗಿದ ಮೇಲೆ ಅವ್ವನನ್ನು ಅವಳ ಮನೆಗೆ ಕಳಿಸುವುದೆಂದು ಮಾತಾಯಿತು. ಧೂಳಮ್ಮ ಈ ಮಾತು ಕೇಳಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಎರಡು ದಿನ ರೊಟ್ಟಿ ಮುಟ್ಟಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಸರಿತಾ ಮನೆಗೆ ಬಂದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡ ಜಗದೇವಿ ಬಾಗಿಲಲ್ಲೇ ದೂರು ಶುರುಮಾಡಿದಳು.

"ಮುದುಕಿಗಿ ತಲಿ ಕೆಟ್ಟದ ಸರಿತಾ. ದವಾಖಾನಿಗಿ ಒಯ್ದಿದ್ವಿ. ಡಾಕ್ಟರ್ ಎಲ್ಲಾ ನೋಡಿ, ಏನೂ ಇಲ್ಲ ಅಂದ್ರು. ನಿದ್ದಿ ಗುಳಿಗಿ ಕೊಡ್ರಿ ಅಂದ್ರ ಅದೂ ಕೊಡ್ಲಿಲ್ಲ. ಅದನ್ನ ತಗೊಂಡು ಜೋಲಿ ಹೊಡದು ಬಿದ್ದರ ಯಾರು ನೋಡವ್ರು ಅಂದ್ರು."

ಸರಿತಾ ಮುದುಕಿ ಮಲಗುವ ಒಳಖೋಲಿಗೆ, ಅಂದರೆ ಒಳಗಿನ ಕೋಣೆಗೆ, ಹೋದಳು. ಧೂಳಮ್ಮನ ಬಿಪಿ ಗುಳಿಗೆಯ ಹೆಸರು ಓದಲು ಕಣ್ಣು ಕಿರಿದು ಮಾಡಿದಳು, ಆಗಲಿಲ್ಲ. ಮೊಬೈಲಿನ ಬೆಳಕು ಹಾಕಬೇಕಾಯಿತು.

"ಅಕ್ಕಾ, ಹನ್ನೆರಡ ಗಂಟಿಗಿ ಇಷ್ಟ ಕತ್ತಲ ಯಾಕ್ರಿ? ಮ್ಯಾಲ ಬೆಳಕಿಂಡಿ ಇತ್ತಲ್ಲ?"

ಇತ್ತು. ಆ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಒಳಖೋಲಿಗೆ ಕಿಟಕಿ ಇರುವುದಿಲ್ಲ. ಮಾಳಿಗೆಗೆ, ಅಂದರೆ ಮಣ್ಣಿನ ಚಾವಣಿಗೆ, ಕೊರೆದ ಬೆಳಕಿಂಡಿಯೇ ಅದರ ಕಣ್ಣು. ಮಳೆಗಾಲಕ್ಕೆ ಅದರ ಮೇಲೆ ಚಪ್ಪಟೆ ಫರ್ಸಿ ಕಲ್ಲು ಮುಚ್ಚುತ್ತಾರೆ, ಮಳೆ ಹಿಂದಾದ ಮೇಲೆ ತೆಗೆಯುತ್ತಾರೆ. ಈ ವರ್ಷ ಸೋರುತ್ತದೆಂದು ತುಳಜಾರಾಮ ಫರ್ಸಿಗೆ ಸಿಮೆಂಟೇ ಬಳಿದುಬಿಟ್ಟಿದ್ದ. ಅದೇ ತಿಂಗಳು ಧೂಳಮ್ಮ ಬಚ್ಚಲಲ್ಲಿ ಜಾರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆ ಖೋಲಿ ಸೇರಿದಳು. ಅವ್ವ ಮತ್ತೆ ಎಡವಬಾರದೆಂದು ಮಗ ಬಸವಕಲ್ಯಾಣದ ಬಜಾರಿನಿಂದ ಎಲ್ಲಕ್ಕಿಂತ ದೊಡ್ಡ ಬಿಳಿ ಬಲ್ಬು ತಂದು ಮಂಚದ ಎದುರಿಗೇ ಹಾಕಿದ. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆ ಬಲ್ಬು ರಾತ್ರಿಯಿಡೀ ಉರಿಯುತ್ತಿತ್ತು. ಬೆಳಗಾದ ಕೂಡಲೇ ಆರಿಸುತ್ತಿದ್ದರು.

ಸರಿತಾ ನಕ್ಕುಬಿಟ್ಟಳು. "ಅತ್ತಿ ತಲಿ ನೆಟ್ಟಗ ಅದ ಅಕ್ಕಾ, ಮನೀನ ಉಲ್ಟಾ ಆಗ್ಯಾದ. ಹಗಲಿ ಕತ್ತಲ, ರಾತ್ರಿ ಬೆಳಕ. ನಿಮ್ಮ ಹುಂಜಾನ ತಂದು ಇಲ್ಲಿ ಕಟ್ಟಿದ್ರ ಅದೂ ಎರಡಕ್ಕ ಕೂಗತದ."

ಜಗದೇವಿಗೆ ಸಿಟ್ಟು ಬಂತು. "ಡಾಕ್ಟರಿಗಿ ತಿಳೀಲಾರದ್ದು ಬಲ್ಬಿಗಿ ತಿಳೀತದೇನು?"

"ಡಾಕ್ಟರ್ ನಿಮ್ಮ ಮನಿ ನೋಡಿಲ್ರಿ. ಮುಂಜಾನಿ ಬೆಳಕ ಕಣ್ಣಿಗಿ ಬಿದ್ರ ಮೈಗಿ ಹಗಲಾಯ್ತು ಅಂತ ತಿಳೀತದ. ಸಂಜಿಗಿ ಬೆಳಕ ಕಮ್ಮಿ ಆದ್ರ ನಿದ್ದಿಗಿ ತಯಾರಾಗತದ. ಕಣ್ಣಿಗಿ ಹೊಡಿಯೋ ಬಿಳಿ ಬೆಳಕಿನ್ಯಾಗ ಅದು ಹ್ಯಾಂಗ ಮಲಗಬೇಕು? ನಿಮಗೂ ಹಂಗ, ನನಗೂ ಹಂಗ."

"ಬಲ್ಬ್ ತಗದು, ಕತ್ತಲಾಗ ಮತ್ತ ಬಿದ್ರ?"

"ಪೂರಾ ಕತ್ತಲ ಬ್ಯಾಡ್ರಿ. ಸಣ್ಣ ಹಳದಿ ಬಲ್ಬ್, ಮೊಣಕಾಲಿನಕಿಂತ ಕೆಳಗ, ಬಚ್ಚಲ ದಾರಿ ಕಾಣಂಗ ಹಾಕ್ರಿ. ಅದರ ಬೆಳಕ ಮಂಚಕ್ಕ ಬೀಳಬಾರದು. ಹದಿನೈದ ದಿನ ನೋಡ್ರಿ. ಆಗ್ಲಿಲ್ಲಂದ್ರ ನಾನಾ ಮತ್ತ ದವಾಖಾನಿಗಿ ಕರ್ಕೊಂಡ ಹೋಗ್ತೀನಿ."

ತುಳಜಾರಾಮ ಗೊಣಗುತ್ತಲೇ ಮಾಳಿಗೆ ಏರಿ ಸಿಮೆಂಟು ಒಡೆದ. ಬೆಳಕಿಂಡಿಗೆ ದಪ್ಪ ಗಾಜು ಕೂರಿಸಿ, ನೀರು ಇಳಿಯದಂತೆ ಅಂಚು ಮುಚ್ಚಿದ. ಖೋಲಿಯ ನೆಲಕ್ಕೆ ಹಿಟ್ಟು ನಾದುವ ಪರಾತದಷ್ಟು ಬಿಸಿಲು ಬಿತ್ತು. ದಿನಾ ಮುಂಜಾನೆ ಜಗದೇವಿ ಅತ್ತೆಯ ಕೈಹಿಡಿದು ತಂದು ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಿಸಿ ಚಹಾ ಕೊಡತೊಡಗಿದಳು. ರಾತ್ರಿ ದೊಡ್ಡ ಬಲ್ಬಿನ ಬದಲು ಬಚ್ಚಲ ದಾರಿಗೆ ಸಣ್ಣ ಹಳದಿ ಬಲ್ಬು, ಊಟವಾದ ಮೇಲೆ ಟಿವಿ ಬಂದ್.

ಮೊದಲ ವಾರ ಏನೂ ಬದಲಾಗಲಿಲ್ಲ. ಎರಡು ಗಂಟೆಗೆ ಅದೇ ಕೂಗು. ಜಗದೇವಿ ಸರಿತಾಳಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಅಂದುಕೊಂಡಳು. ಎರಡನೇ ವಾರ ಕೂಗು ನಾಲ್ಕು ಗಂಟೆಗೆ ಸರಿಯಿತು. ಆಮೇಲೊಂದು ದಿನ ಕೂಗೇ ಇಲ್ಲ. ಜಗದೇವಿ ಕಣ್ಣುಬಿಟ್ಟಾಗ ಬೆಳಕು ಹರಿದಿತ್ತು. ಓಡಿಹೋಗಿ ಅತ್ತೆಯ ಮೂಗಿಗೆ ಬೆರಳು ಹಿಡಿದಳು. ಉಸಿರು ಬೆಚ್ಚಗಿತ್ತು. ಧೂಳಮ್ಮ ಕಣ್ಣು ತೆರೆದು, "ಯಾಕವ್ವ, ಸತ್ತೀನಿ ಅಂತ ಮಾಡಿದ್ಯೇನು?" ಎಂದಳು.

ಅಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಮುದುಕಿ ಬಾಯಿ ಬಿಟ್ಟಳು. "ನನಗ ಹುಚ್ಚ ಹಿಡದದ ಅಂತ ನಾನೂ ತಿಳಕೊಂಡಿದ್ದೆ ಜಗದೇವಿ. ಅದಕ್ಕ ಚಿಟಗುಪ್ಪಕ್ಕ ಹೋಗಂಗಿಲ್ಲ ಅನ್ನಾಕ ಬಾಯೇ ಬರ್ಲಿಲ್ಲ."

ಜಗದೇವಿಗೆ ಅಳು ಬಂತು. ತಲೆ ಕೆಟ್ಟಿದೆ ಎಂದು ಬಾಗಿಲಲ್ಲಿ ನಿಂತು, ಒಳಗೆ ಕೇಳುವಂತೆ ಹೇಳಿದ್ದು ತಾನೇ. "ತಪ್ಪ ನಂದು ಅತ್ತಿ. ನೀವು ಎಲ್ಲಿಗೂ ಹೋಗೂದು ಬ್ಯಾಡ" ಎಂದಳು. ಚಿಟಗುಪ್ಪಕ್ಕೆ ಅವಳೇ ಫೋನ್ ಮಾಡಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಒಳಖೋಲಿಯಲ್ಲೂ ಒಬ್ಬ ಬಾಣಂತಿಯೋ, ಕಾಯಿಲೆಯವರೋ, ದಿನವಿಡೀ ಹೊಲಿಗೆಗೆ ಕೂರುವ ಮಗಳೋ ಇರಬಹುದು. ನಾಳೆ ಮಧ್ಯಾಹ್ನ ಲೈಟ್ ಹಾಕದೆ ಅವರು ಕೂರುವ ಜಾಗದಲ್ಲಿ ಒಂದು ಹಿಡಿ ತೊಗರಿಬೇಳೆ ಆರಿಸಿ ನೋಡಿ. ಬೇಳೆಯ ಕಲ್ಲು ಕಾಣದಷ್ಟು ಕತ್ತಲಿದ್ದರೆ ಅವರ ಹಾಸಿಗೆಯನ್ನು ಬೆಳಕಿನ ಕಡೆಗೆ ಸರಿಸಿ. ರಾತ್ರಿ ಬಿಳಿ ಬಲ್ಬನ್ನೂ ಮೊಬೈಲನ್ನೂ ಬೇಗ ಆರಿಸಿ. ನಿದ್ದೆ ಬಾರದೆ ಇದ್ದರೆ ಡಾಕ್ಟರಿಗೆ ತೋರಿಸಿ. ಆದರೆ ಯಾರಿಗಾದರೂ ತಲೆ ಕೆಟ್ಟಿದೆ ಎನ್ನುವ ಮುಂಚೆ, ಅವರು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಒಮ್ಮೆ ಕೇಳಿ.