ಏನೂ ಕಾಣಲಿಲ್ಲ

"ಹೋಲ್ಡಾನ್! ಹೋಲ್ಡಾನ್! ಹಿಂದಕ್ಕೆ ಬರ್ಲಿ... ಬರ್ಲಿ... ಎಡಕ್ಕೆ ಕಟ್ ಮಾಡಿ!"

ಕಂಡಕ್ಟರನ ಕೂಗಿಗೆ ಮೂರು ಬೀದಿಯ ನಾಯಿಗಳು ಬೊಗಳುವುದನ್ನೇ ಮರೆತವು. ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಬಿದ್ದಿತ್ತು. ಇಡೀ ಬಸ್ಸನ್ನು ಊಟದ ತಟ್ಟೆಯ ಮೇಲೆ ತಿರುಗಿಸುತ್ತಿದ್ದ ಡ್ರೈವರ್ ಈಗ ಅದರೊಳಗೆ; ಅವನನ್ನು ಎಂಟು ಜನ ಸೇರಿದರೂ ಒಂದು ಮೂಲೆ ತಿರುಗಿಸಲಾಗಲಿಲ್ಲ.

"ಬದುಕಿದ್ದಾಗ್ಲೂ ಹೀಗೇ. ಯಾರ ಮಾತು ಕೇಳ್ತಿದ್ದ!" ಎಂದ ಹೊತ್ತವರಲ್ಲೊಬ್ಬ. ಎಲ್ಲರಿಗೂ ನಗು, ಅಳು ಒಟ್ಟಿಗೇ ಬಂತು.

ಮೇಲಿನ ಮೆಟ್ಟಿಲಲ್ಲಿ ಕುಸಿದಿದ್ದ ಹೆಂಡತಿಗೆ ಎರಡೂ ಬರಲಿಲ್ಲ. ಮೊದಲ ಸ್ಕ್ಯಾನಿಂಗ್‌ನಲ್ಲಿ ಇಲ್ಲದ ಗಡ್ಡೆ ಕೊನೆಗೆ ತೆಂಗಿನಕಾಯಿಯಷ್ಟು ಹೇಗಾಯಿತು? ಉತ್ತರ ತಿಳಿಯದೆ ಅವನನ್ನು ಕಳಿಸಿಕೊಟ್ಟರೆ ತಾನೂ ಅದೇ ಪೆಟ್ಟಿಗೆಯಲ್ಲಿ ಹೋದಂತೆ. ಅವಳು ಕಂಡಕ್ಟರನ ತೋಳನ್ನು ಉಗುರೂರಿ ಹಿಡಿದಳು.

"ಅವತ್ತು ಜೊತೆಗೆ ಹೋದೋನು ನೀನೇ ತಾನೇನಪ್ಪಾ? ಡಾಕ್ಟರು ಏನಂದ್ರು? ಸರಿಯಾಗಿ ಹೇಳು."

*

ಡ್ರೈವರನ ಮೂತ್ರಚೀಲವೆಂದರೆ ಸಾಮಾನ್ಯವಲ್ಲ. ನಾಡಿನ ಕೆರೆಗಳೆಲ್ಲ ಕೋಡಿ ಬಿದ್ದರೂ ಅದು ತುಳುಕುತ್ತಿರಲಿಲ್ಲ. ಬೆಳಗ್ಗೆ ಸ್ಟಿಯರಿಂಗ್ ಹಿಡಿದರೆ ಇಳಿಯುವುದು ಸಂಜೆ ಡಿಪೋದಲ್ಲೇ. "ನನ್ನ ಟ್ಯಾಂಕಿಗೆ ಸ್ಟಾಪೇ ಇಲ್ಲ ಕಣ್ರೋ!" ಎಂದು ಮೀಸೆ ತಿರುವುತ್ತಿದ್ದ. ಅಂಥವನು ಒಂದು ಬೆಳಗ್ಗೆ ಬಚ್ಚಲಿನಿಂದ ಬಿಳಿಚಿಕೊಂಡು ಬಂದ. ನೋವಿಲ್ಲ, ಉರಿಯಿಲ್ಲ, ಮೂತ್ರ ಮಾತ್ರ ರಕ್ತಗೆಂಪು. ಹೆಂಡತಿ ಮನೆ ಹಾರಿಹೋಗುವಂತೆ ಕೂಗಾಡಿ ಹೊಟ್ಟೆಯ ಸ್ಕ್ಯಾನಿಂಗಿಗೆ ಅಟ್ಟಿದಳು.

ಸಂಜೆ ಬಂದವನು ಬಾಗಿಲಲ್ಲೇ ಕೂಗಿದ. "ಏನೂ ಕಾಣ್ಲಿಲ್ಲವಂತೆ ಕಣೇ!"

ಅವಳು ಅವನ ಎದೆಗೊರಗಿ ಅತ್ತ ಖುಷಿಗೆ ಓಣಿಯಲ್ಲಿ ದೋಣಿ ಬಿಡಬಹುದಿತ್ತು.

*

ಕಂಡಕ್ಟರ್ ಗೋಡೆ ನೋಡಿದ.

"ನೀರು ಕುಡಿದು, ತಡ್ಕೊಂಡು ಬನ್ನಿ ಅಂದಿದ್ರು ಅತ್ತಿಗೆ. ಚೀಲ ತುಂಬಿದ್ರೇನೇ ಒಳಗಿನ ಗಡ್ಡೆ ಕಾಣೋದಂತೆ. ಅಣ್ಣಂಗೆ ಅವತ್ತು ತಡೆಯೋಕೇ ಆಗ್ಲಿಲ್ಲ. ಸರದಿ ಬರೋ ಮೊದಲೇ ಕಕ್ಕಸಿಗೆ ಓಡಿದ್ರು. ಡಾಕ್ಟರು, 'ಚೀಲ ಖಾಲಿ, ಏನೂ ಕಾಣ್ತಿಲ್ಲ, ತುಂಬಿಸ್ಕೊಂಡು ಮತ್ತೆ ಬನ್ನಿ' ಅಂದ್ರು."

"ಮತ್ತೆ ಯಾಕೆ ಹೋಗ್ಲಿಲ್ಲ?"

"'ಡಿಪೋದಲ್ಲಿ ಗೊತ್ತಾದ್ರೆ ನನ್ನ ಮಾನ ಹೋಗತ್ತೆ, ಬಾಯಿ ಬಿಡಬೇಡ' ಅಂದ್ರು. ದಿನಾ ನೀರಿನ ಬಾಟಲಿ ತುಂಬಿಸಿ ಸೀಟಿನ ಪಕ್ಕ ಇಡ್ತಿದ್ದೆ. 'ಇವತ್ತು ಡ್ಯೂಟಿ, ನಾಳೆ' ಅನ್ನೋರು. ನಿಮಗೆ ಹೇಳಿರ್ತಾರೆ ಅಂದ್ಕೊಂಡೆ ಅತ್ತಿಗೆ."

"ಹೇಳಿದ್ರಪ್ಪಾ," ಎಂದಳು. "ಡಾಕ್ಟರ ಮಾತನ್ನೇ ಹೇಳಿದ್ರು."

ಕೆಳಗೆ ಪೆಟ್ಟಿಗೆ ಕೊನೆಗೂ ತಿರುವು ದಾಟಿತು. ಯಾರೋ "ರೈಟ್" ಎಂದರು. ಕಂಡಕ್ಟರ್ ಬಸ್ಸಿನಿಂದ ತಂದಿದ್ದ ಡ್ರೈವರನ ಕೈಚೀಲವನ್ನು ಅವಳ ಮಡಿಲಲ್ಲಿಟ್ಟು ಕೆಳಗೋಡಿದ. ಒಂದು ಟವೆಲ್ಲು, ಕಪ್ಪು ಕನ್ನಡಕ, ಕುತ್ತಿಗೆಯವರೆಗೂ ತುಂಬಿದ ನೀರಿನ ಬಾಟಲಿ.

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಲುಗಾಡಿಸಿದಳು. ಕಣ್ಣು ಕಿರಿದಾಗಿಸಿ, ಮೂಗು ತಾಗುವಷ್ಟು ಹತ್ತಿರ ತಂದು ಮತ್ತೆ ಮತ್ತೆ ನೋಡಿದಳು.

ತಳದವರೆಗೂ ತಿಳಿನೀರು.