ಬಾರದ ಶನಿವಾರದ ಸಹಿ

ಈ ಸಂಗತಿಯನ್ನು ಬಂಡ್ರಿ ಊರಿನವರು ಹೇಳುವಾಗ ಮಗುವಿನ ಎಡಗೈ ಮುರಿಯಿತು ಎನ್ನುತ್ತಾರೆ. ಗಾದಿಗನೂರಿನವರು ಬಲಗೈ ಎನ್ನುತ್ತಾರೆ. ಶಾಲೆಯ ಗೇಟು ಹಸಿರು ಬಣ್ಣದ್ದೆಂದು ಕೆಲವರು, ನೀಲಿಯದೆಂದು ಕೆಲವರು. ವಾರದ ವಿಷಯದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ಅದು ಬುಧವಾರ. ವಾರವನ್ನು ಯಾರೂ ತಪ್ಪಿ ಹೇಳದಿರುವುದಕ್ಕೆ ಕಾರಣವಿದೆ.

ಅದಿರಿನ ಲಾರಿಗಳು ಹಗಲೆಲ್ಲ ಸಾಲು ಕಡಿಯದೆ ಓಡುತ್ತಿದ್ದ ಕಾಲವದು. ಸಂಡೂರು ತಾಲೂಕಿನಲ್ಲಿ ಲಾರಿ ರಸ್ತೆಯ ಪಕ್ಕಕ್ಕೇ ಒಂದು ಖಾಸಗಿ ಶಾಲೆ. ಜಂಬವ್ವ ಎಂಬ ಹೆಂಗಸು ಅಲ್ಲಿ ಐದು ವರ್ಷಗಳಿಂದ ಆಯಾ ಆಗಿದ್ದಳು. ಚಿಕ್ಕ ಮಕ್ಕಳ ಮೂಗು ಒರೆಸುವುದು, ಒದ್ದೆ ಚಡ್ಡಿ ಬದಲಿಸುವುದು, ಊಟದ ಡಬ್ಬಿ ತೆಗೆದುಕೊಡುವುದು ಅವಳ ಕೆಲಸ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ, ಬಿಡುವಿನ ಗಂಟೆ ಹೊಡೆದಾಗ ಗೇಟಿಗೆ ಬೆನ್ನು ಕೊಟ್ಟು ನಿಲ್ಲುವುದು. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟರೆ ಲಾರಿಯ ಗಾಲಿ.

ಆ ಶಾಲೆಯಲ್ಲಿ ಒಂದು ರೂಢಿಯಿತ್ತು. ಕೆಂಪು ಧೂಳು ಕುಳಿತು ಪುಟಗಳು ಹಾಳಾಗುತ್ತವೆಂದು ಹಾಜರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಗುಮಾಸ್ತ ಹಾಲೇಶ್ ಅದನ್ನು ಹೊರಗೆ ತೆಗೆದು, ಬಟ್ಟೆಯಿಂದ ಒರೆಸಿ ಆಯಾಗಳ ಮುಂದೆ ಇಡುತ್ತಿದ್ದ. ಅವರು ಶನಿವಾರದವರೆಗಿನ ಆರೂ ದಿನಗಳ ಚೌಕಗಳಲ್ಲಿ ಒಂದೇ ಸಲಕ್ಕೆ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಇದರಲ್ಲಿ ಕೇಡೇನಿದೆಯೆಂದು ಒಬ್ಬರಿಗೂ ಅನ್ನಿಸಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಹಾಲೇಶ್ ಜಂಬವ್ವನನ್ನು ಕರೆದ. ಶಾಲೆಯ ಕಾರ್ಯದರ್ಶಿ ಕೊಟ್ರಯ್ಯನವರು ಹೊಸಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದರು. ಅಂದು ಅಲ್ಲಿ ಗೃಹಪ್ರವೇಶ. ಪಾತ್ರೆ ತಿಕ್ಕಲು ಕೈ ಸಾಲದೆಂದು ಅವಳನ್ನು ಶಾಲೆಯ ವ್ಯಾನಿನಲ್ಲೇ ಕಳಿಸಿದರು. ಅವಳು ಸಂಜೆ ನಾಲ್ಕರವರೆಗೆ ಬೂದಿ ಹಾಕಿ ಹಂಡೆಗಳನ್ನು ತಿಕ್ಕಿದಳು. ಇತ್ತ ಹನ್ನೊಂದೂವರೆಯ ಗಂಟೆ ಹೊಡೆದಾಗ ಗೇಟಿಗೆ ಬೆನ್ನು ಕೊಡುವವರು ಯಾರೂ ಇರಲಿಲ್ಲ. ಒಂದನೇ ತರಗತಿಯ ಪೂಜಿತಾ ಅಗಳಿ ಸರಿಸಿ ರಸ್ತೆಗೆ ಹೋದಳು. ಲಾರಿಯವನು ಹಾರ್ನ್ ಹೊಡೆದ. ಮಗು ಬೆದರಿ ಪಕ್ಕದ ಮೋರಿಗೆ ಜಿಗಿಯಿತು. ಜೀವ ಉಳಿಯಿತು, ಕೈ ಮುರಿಯಿತು.

ಗುರುವಾರ ಮಧ್ಯಾಹ್ನ ಹಾಲೇಶ್ ಜಂಬವ್ವನನ್ನು ಆಫೀಸಿಗೆ ಕರೆದು ಕುರ್ಚಿ ತೋರಿಸಿದ. ಚಹಾ ತರಿಸಿದ. ಐದು ವರ್ಷಗಳಲ್ಲಿ ಅವಳು ಆ ಕುರ್ಚಿಯನ್ನು ಒರೆಸಿದ್ದಳೇ ಹೊರತು ಅದರ ಮೇಲೆ ಕುಳಿತಿರಲಿಲ್ಲ. ಚಹಾದ ಲೋಟ ಮುಟ್ಟುವ ಮೊದಲೇ ಅವಳಿಗೆ ಏನೋ ಸರಿಯಿಲ್ಲವೆನಿಸಿತು.

"ನೋಡು ಜಂಬವ್ವ," ಹಾಲೇಶ್ ಬರೆದಿಟ್ಟ ಒಂದು ಹಾಳೆಯನ್ನು ಮುಂದೆ ಸರಿಸಿದ. "ನಿನ್ನೆ ನೀ ಗೇಟ್ ಹತ್ರ ಇದ್ದಿ. ನೀರು ಕುಡಿಯಾಕ ಒಂದ್ ಗಳಿಗಿ ಒಳಗ ಹೋದಿ. ಅಷ್ಟೊತ್ತಿಗೆ ಕೂಸು ಹೊರಗ ಬಿತ್ತು. ಇಷ್ಟ ಬರದೀನಿ."

"ನಾ ನಿನ್ನೆ ಹೊಸಪೇಟ್ಯಾಗ ಇದ್ನೆಲ್ರಿ ಸಾರ್. ನೀವ ವ್ಯಾನ್ ಹತ್ತಿಸಿದ್ರಿ."

"ಪುಸ್ತಕದಾಗ ನೀ ಇಲ್ಲೇ ಅದಿ. ಸಹಿ ನಂದೇನು?"

ಜಂಬವ್ವ ಕುರ್ಚಿಯಿಂದ ಎದ್ದಳು.

"ಅವಸರ ಏನಿಲ್ಲ. ಶನಿವಾರ ಶಾಲಿ ಬಿಟ್ಟ ಮ್ಯಾಲೆ ಬಂದು ಸಹಿ ಮಾಡು. ಸೋಮವಾರ ಬಿ.ಇ.ಓ. ಆಫೀಸ್‌ನವ್ರು ಬರ್ತಾರ, ಅವರ ಕೈಗೆ ಕೊಟ್ರಾತು. ಕೂಸಿನ ಮನ್ಯಾವ್ರನ್ನ ಸೆಕ್ರೆಟರಿಯವ್ರು ಸಮಾಧಾನ ಮಾಡ್ತಾರ. ಸಹಿ ಇಲ್ಲಾಂದ್ರ ನಿನ್ ಹೆಸರಿಗೆ ಕೇಸ್ ಆಗ್ತತಿ, ನೋಡ್ಕ."

ಮನೆಗೆ ಬಂದು ಜಂಬವ್ವ ಗಂಡ ಮುದುಕಪ್ಪನಿಗೆ ಹೇಳಿದಳು. ಅವನು ಲಾರಿಗಳಿಗೆ ತಾಡಪತ್ರಿ ಕಟ್ಟುವ ಕೆಲಸದವನು. ಹಾಳೆಯ ಮಾತು ಕೇಳಿದೊಡನೆ ಮುಖ ಗಂಟು ಹಾಕಿದ.

"ಕಾಗದ ಮುಂದ ಹಿಡದವ್ರು ಯಾರು ನಮಗ ಒಳ್ಳೇದ್ ಮಾಡ್ಯಾರ? ಆದ್ರ ಸಹಿ ಹಾಕ್ಲಿಲ್ಲಾಂದ್ರ ಕೆಲಸ ಹೋಕ್ಕತಿ. ಹಾಕಿ ಸುಮ್ಮಾಗು."

ಅಷ್ಟರಲ್ಲಿ ಬಾಗಿಲಲ್ಲಿ ಯಲ್ಲಕ್ಕ ನಿಂತಿದ್ದಳು. ಎರಡು ಮನೆ ಆಚೆಯವಳು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅವಳನ್ನು ಕಂಡು ಜಂಬವ್ವನ ಸಂಶಯ ಇನ್ನೊಂದು ದಿಕ್ಕಿಗೆ ತಿರುಗಿತು. ಹಿಂದೆ ಇದೇ ಆಯಾ ಕೆಲಸವನ್ನು ತನ್ನ ಸೊಸೆಗೆ ಕೊಡಿಸಲು ಯಲ್ಲಕ್ಕ ಓಡಾಡಿದ್ದನ್ನು ಅವಳು ಮರೆತಿರಲಿಲ್ಲ.

"ಯಾಕ ಬಂದಿ ಯಲ್ಲಕ್ಕ? ನನ್ ಜಾಗ ಖಾಲಿ ಆತೇನಂತ ನೋಡಾಕ ಬಂದೇನು?"

"ನಿನ್ ಜಾಗ ತಗೊಂಡ್ ಏನ್ ಮಾಡ್ಲೆ? ನನ್ ಸೊಸಿ ಕಂಪ್ಲಿಯಾಗ ಬಳಿ ಅಂಗಡಿ ಇಟ್ಟಾಳ, ನಿನಗಿಂತ ಮಸ್ತ್ ಅದಾಳ. ಒಂದ್ ವಾಟಿ ನೀರ್ ಕೊಡು ಮೊದ್ಲು." ಯಲ್ಲಕ್ಕ ಕುಳಿತುಕೊಂಡಳು. "ಆ ಹಾಳಿಗೆ ಸಹಿ ಮಾಡ್ಬ್ಯಾಡ. ಅದನ್ ಹೇಳಾಕ ಬಂದೆ."

"ನಿನಗ್ಯಾರ್ ಹೇಳಿದ್ರು?" ಎಂದ ಮುದುಕಪ್ಪ.

"ವ್ಯಾನ್ ಡ್ರೈವರ್ ಚಹಾದಂಗಡ್ಯಾಗ ಹೇಳಾಕತ್ತಿದ್ದ. ಊರಿಗೆಲ್ಲ ಗೊತ್ತೈತಿ, ಈಕಿ ಬುಧವಾರ ಹಂಡೆ ತಿಕ್ಕಿದ್ಲಂತ. ಪುಸ್ತಕಕ್ಕೊಂದ ಗೊತ್ತಿಲ್ಲ."

"ಪುಸ್ತಕ ಸುಳ್ಳು ಅಂತ ನಾ ಹೆಂಗ್ ಹೇಳ್ಲಿ?" ಜಂಬವ್ವನ ದನಿ ಇಳಿಯಿತು. "ನನಗ ಆರ್ಡರ್ ಕೊಟ್ಟಿಲ್ಲ, ಗುರ್ತಿನ ಚೀಟಿ ಇಲ್ಲ. ನಾ ಅಲ್ಲಿ ಕೆಲಸ ಮಾಡ್ತೀನಿ ಅನ್ನಾಕ ಇರೋದು ಆ ಸಹಿ ಅಷ್ಟ. ಅದ ಸುಳ್ಳಾದ್ರ ಐದ್ ವರ್ಷಾನೂ ಸುಳ್ಳಾಗ್ತಾವ."

ಯಲ್ಲಕ್ಕ ನೀರು ಕುಡಿದು ಕೇಳಿದಳು: "ಆ ಹಾಲೇಶ ಯಾವತ್ ಬಾ ಅಂದಾನ?"

"ಶನಿವಾರ. ಅವಸರ ಇಲ್ಲ ಅಂದ."

"ಕೇಸ್ ಆಗ್ತತಿ ಅಂತಾನ, ಅವಸರ ಇಲ್ಲ ಅಂತಾನ. ಎರಡೂ ಹೆಂಗ ಕೂಡ್ತಾವ?" ಯಲ್ಲಕ್ಕ ನೀರಿನ ವಾಟಿ ಕೆಳಗಿಟ್ಟಳು. "ಜಂಬವ್ವ, ಇವತ್ತು ಗುರುವಾರ. ಶುಕ್ರವಾರ, ಶನಿವಾರದ ಸಹಿ ಪುಸ್ತಕದಾಗ ಈಗ ಐತೋ ಇಲ್ಲೋ?"

"ಐತಿ. ಸೋಮವಾರನ ಹಾಕೀನಿ."

"ಎಲ್ಲಾ ಆಯಾಗಳ್ದೂ?"

"ಎಲ್ಲಾರ್ದೂ."

"ಹಂಗಾರ ಶನಿವಾರ ಕಳೀಲಿ ಅಂತ ಅವ ಕಾಯಾಕತ್ಯಾನ. ಶನಿವಾರ ಕಳದ್ರ ಪುಸ್ತಕ ನೆಟ್ಟಗ ಕಾಣ್ತತಿ. ಇವತ್ತು ಯಾರಾರ ತೆಗದ್ ನೋಡಿದ್ರ, ಇನ್ನೂ ಬರಲಾರದ ದಿನಕ್ಕೂ ಸಹಿ ಬಿದ್ದಿರೋದು ಕಾಣ್ತತಿ. ಶನಿವಾರದ್ದು ಸುಳ್ಳಾದ್ರ ಬುಧವಾರದ್ದನ್ನ ಯಾರ್ ನಂಬ್ತಾರ? ನೋಡ್ಬೇಕು ಅನ್ನೋರಿಗೆ ನಾಳೆ ಒಂದ ದಿನ ಐತಿ."

ಹೊರಗೆ ಲಾರಿಗಳ ಸದ್ದು. ಜಂಬವ್ವ ಮೆಲ್ಲಗೆ ಕೇಳಿದಳು: "ಇದ್ರಾಗ ನಿನಗೇನ್ ಬರ್ತತಿ ಯಲ್ಲಕ್ಕ? ಖರೇ ಹೇಳು."

ಯಲ್ಲಕ್ಕ ಸೆರಗು ಸರಿಸಿ ಮೊಣಕೈ ತೋರಿಸಿದಳು. ಸುಟ್ಟು ಮಾಗಿದ ಚರ್ಮ ಅಲ್ಲಿ ಎಳೆದುಕೊಂಡಿತ್ತು. "ಮದ್ಲು ನಾ ಬ್ಯಾರೆ ಊರಾಗ ಒಂದ್ ಹಾಸ್ಟೆಲ್‌ನಾಗ ಅಡಿಗಿಗೆ ಇದ್ದೆ. ಕುದಿಯೋ ಸಾರು ಮೈಮ್ಯಾಲೆ ಬಿತ್ತು. ಕೇಳಾಕ ಹೋದ್ರ, ಅವತ್ತು ನೀ ರಜಾದಾಗ ಇದ್ದಿ ಅಂದ್ರು. ಪುಸ್ತಕದಾಗೂ ಹಂಗ ಇತ್ತು. ಅಷ್ಟ, ಮತ್ತೇನಿಲ್ಲ."

"ನಾಳೆ ಎಲ್ಲಿ ಹೋಗ್ಬೇಕು?" ಎಂದಳು ಜಂಬವ್ವ.

"ಸಂಡೂರು ಕೋರ್ಟಿನಾಗ ಕಾನೂನು ಸೇವಾ ಸಮಿತಿ ಅಂತ ಐತಿ. ನಮ್ ಶಾಲ್ಯಾಗ ಬಂದು ಹೇಳಿ ಹೋಗ್ಯಾರ. ಹೆಂಗಸ್ರಿಗೆ ವಕೀಲ್ರು ಪುಕ್ಕಟೆ."

"ಪುಕ್ಕಟೆ ಅಂದ್ರ ನನಗ ಇನ್ನೂ ಹೆದರಿಕಿ," ಎಂದ ಮುದುಕಪ್ಪ. ಆದರೂ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರು ಹೆಂಗಸರಿಗಿಂತ ಅವನೇ ಮುಂದಾಗಿ ನಿಂತಿದ್ದ.

ಸಂಡೂರಿನಲ್ಲಿ ಶ್ರೀವಾಣಿ ಎಂಬ ವಕೀಲರು ಎಲ್ಲವನ್ನೂ ಕೇಳಿ ಬರೆದುಕೊಂಡರು. ಎಷ್ಟು ಗಂಟೆಗೆ ವ್ಯಾನ್ ಹತ್ತಿದ್ದು, ಚಾಲಕ ಯಾರು, ಹೋಗು ಎಂದವರು ಯಾರು, ಸಹಿ ಹಾಕಿದ್ದು ಯಾವಾಗ. ಬರೆದದ್ದನ್ನು ಜೋರಾಗಿ ಓದಿದರು. ಬಳಿಕ ಪೆನ್ನು ಕೊಡದೆ ಹಾಳೆಯನ್ನಷ್ಟೇ ಕೊಟ್ಟರು.

"ನಾನು ಓದಿದ್ದೇ ಇದರಲ್ಲಿದೆ ಅಂತ ನಂಬಬೇಡಿರಿ. ನಿಮ್ಮವರ ಕೈಲಿ ಇನ್ನೊಮ್ಮೆ ಓದಿಸಿರಿ. ಆಮೇಲೆ ಸಹಿ."

ಯಲ್ಲಕ್ಕ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಜಂಬವ್ವ ತಾನೇ ಪೆನ್ನು ಕೇಳಿ ಸಹಿ ಮಾಡಿದಳು. ಸಂಶಯಪಡು ಎಂದು ತಾನಾಗಿ ಹೇಳಿದವರನ್ನು ಅವಳು ಹಿಂದೆ ಕಂಡಿರಲಿಲ್ಲ.

ಆ ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿ.ಇ.ಓ.) ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡರು. ಶನಿವಾರದ ಸಹಿಯ ಮಾತು ಓದಿದ ಅಧಿಕಾರಿ ಅಚ್ಯುತರಾಯರು ಸೋಮವಾರಕ್ಕೆ ಕಾಯಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಜಂಬವ್ವ, ಮುದುಕಪ್ಪರನ್ನೂ ಕರೆದುಕೊಂಡು ಶಾಲೆಗೆ ಬಂದು ಬೀರು ತೆಗೆಸಿದರು. ಹಾಲೇಶ್ ಪುಸ್ತಕ ತೆಗೆದು, ರೂಢಿಯಂತೆ ಒರೆಸಿ ಮೇಜಿನ ಮೇಲಿಟ್ಟ.

"ಇವತ್ತು ಯಾವ ವಾರ ಹಾಲೇಶ್?"

"ಶುಕ್ರವಾರ ಸಾರ್."

ರಾಯರು ಜಂಬವ್ವನ ಸಾಲಿನ ಕೊನೆಯಲ್ಲಿದ್ದ ಶನಿವಾರದ ಚೌಕದ ಮೇಲೆ ಬೆರಳಿಟ್ಟರು. "ಹಾಗಾದರೆ ಇದೇನು?"

"ಆಕಿ ತಾನ ಹಾಕ್ಕೊಂಡಾಳ ಸಾರ್. ನಂಗ್ ಗೊತ್ತಿಲ್ಲ."

ಬೆರಳು ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿಯೂ ಶನಿವಾರ ತುಂಬಿತ್ತು. ಅದರ ಕೆಳಗೆ, ಮತ್ತೂ ಕೆಳಗೆ. ನಾಲ್ವರು ಆಯಾಗಳ ಶನಿವಾರವೂ ಮುಗಿದುಹೋಗಿತ್ತು. ಹಾಲೇಶ್ ಒರೆಸುವ ಬಟ್ಟೆಯನ್ನು ಮಡಚತೊಡಗಿದ.

ರಾಯರು ಜಂಬವ್ವನ ಕಡೆ ತಿರುಗಿದರು. "ಈ ಸಹಿ ನಿಮ್ಮದೇ ಏನಮ್ಮ?"

ಅಲ್ಲವೆಂದರೆ ಬಚಾವಾದೀತೇನೋ ಎಂದು ಒಂದು ಕ್ಷಣ ಅನ್ನಿಸಿತು. ಬಾಗಿಲಲ್ಲಿ ಮುದುಕಪ್ಪ ನಿಂತಿದ್ದ. ಅವನ ಮುಖದಲ್ಲಿಯೂ ಅದೇ ಆಸೆಯಿತ್ತು.

"ನಂದ ರೀ," ಎಂದಳು ಜಂಬವ್ವ. "ಇನ್ನೂ ಬರಲಾರದ ದಿನಕ್ಕ ಸಹಿ ಹಾಕಿದ್ದು ನನ್ ತಪ್ಪು. ಬುಧವಾರದ್ದೂ ನಂದ. ಆದ್ರ ಬುಧವಾರ ನಾ ಇಲ್ಲಿರಲಿಲ್ಲ. ಕೊಟ್ರಯ್ಯನವ್ರ ಮನ್ಯಾಗ ಪಾತ್ರಿ ತಿಕ್ಕಾಕ ಕಳಿಸಿದ್ರು. ಗೇಟಿಗೆ ಬ್ಯಾರೆ ಯಾರನ್ನೂ ನಿಲ್ಲಿಸ್ಲಿಲ್ಲ."

ಆ ಮಾತು ಅವಳ ಹೇಳಿಕೆಯಾಗಿ ದಾಖಲಾಯಿತು. ವ್ಯಾನ್ ಚಾಲಕನೂ ಹೌದೆಂದ. ಹಾಲೇಶ್ ಬರೆದಿಟ್ಟಿದ್ದ ಹಾಳೆ ಸಹಿಯಿಲ್ಲದೆ ಉಳಿಯಿತು. ಗೇಟನ್ನು ಬಿಟ್ಟುಹೋದ ಹೊಣೆ ಜಂಬವ್ವನ ತಲೆಯಿಂದ ಇಳಿದು, ಅವಳನ್ನು ಅಲ್ಲಿಂದ ಬಿಡಿಸಿ ಕಳಿಸಿದ ಹಾಲೇಶ್, ಕೊಟ್ರಯ್ಯನವರ ಕಡೆಗೆ ಹೋಯಿತು. ಮುಂಗಡ ಸಹಿ ಹಾಕಿದ್ದಕ್ಕಾಗಿ ನಾಲ್ವರು ಆಯಾಗಳಿಗೂ ಎಚ್ಚರಿಕೆಯ ಪತ್ರ ಬಂತು. ತಮಾಷೆಯೆಂದರೆ, ಶಾಲೆಯಿಂದ ತನ್ನ ಹೆಸರಿಗೆ ಬಂದ ಮೊದಲ ಕಾಗದ ಅದೆಂದು ಜಂಬವ್ವ ಅದನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟಳು. ನೇಮಕಾತಿ ಪತ್ರ ಬಂದದ್ದು ಅದಾದ ಎರಡು ತಿಂಗಳಿಗೆ.

ಈಗ ಹಾಜರಿ ಪುಸ್ತಕ ಗೇಟಿನ ಪಕ್ಕದ ಮೇಜಿನ ಮೇಲೆ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಿರುತ್ತದೆ. ದಿನಕ್ಕೊಂದೇ ಸಹಿ, ಪಕ್ಕದಲ್ಲಿ ಗಂಟೆ. ಯಾರನ್ನಾದರೂ ಶಾಲೆಯ ಕೆಲಸಕ್ಕೆ ಹೊರಗೆ ಕಳಿಸಿದರೆ, ಎಲ್ಲಿಗೆ, ಯಾರ ಮಾತಿನ ಮೇಲೆ ಎಂದು ಚಲನವಲನ ವಹಿಯಲ್ಲಿ ಬರೆದೇ ಹೋಗಬೇಕು. ಮನೆಗೆಲಸಕ್ಕೆ ಕಳಿಸುವುದು ನಿಂತಿತು. ಅಂಥದ್ದನ್ನು ಬರೆಯಲು ಯಾರಿಗೂ ಕೈ ಬರಲಿಲ್ಲ.

ಪೂಜಿತಾ ಕೈಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಮರಳಿದ ದಿನ, ಗೇಟಿನಲ್ಲಿ ನಿಂತು ಕೇಳಿದಳು: "ಆಯಮ್ಮ, ಅವತ್ತು ನೀ ಎಲ್ಲಿ ಹೋಗಿದ್ದಿ?"

"ಹೊಸಪೇಟಿಗೆ ಹೋಗಿದ್ನೆವ್ವಾ," ಎಂದಳು ಜಂಬವ್ವ, ಗೇಟಿಗೆ ಬೆನ್ನು ಕೊಟ್ಟು. "ಇನ್ನ ಹೋಗಂಗಿಲ್ಲ."

ಶಾಲೆಗಳಲ್ಲಿ ದುಡಿಯುವ ಆಯಾ, ಅಡುಗೆಯವರು, ಜವಾನರು, ವ್ಯಾನ್ ಸಹಾಯಕರು ಕೇಳಬೇಕು. ನಾಳೆಯ ಸಹಿಯನ್ನು ಇಂದು ಹಾಕಬೇಡಿ. ಖಾಲಿ ಹಾಳೆಗೂ, ಓದಿಸಿಕೊಳ್ಳದ ಹಾಳೆಗೂ ಸಹಿ ಬೇಡ. ಕೆಲಸಕ್ಕೆ ಸೇರಿದಾಗ ನೇಮಕಾತಿ ಪತ್ರ ಕೇಳಿ. ನೀವು ಕೊಡುವ ಎಲ್ಲ ಅರ್ಜಿಗಳ ಪ್ರತಿಗೂ ಮೊಹರು ಹಾಕಿಸಿಕೊಳ್ಳಿ. ಅನ್ಯಾಯವಾಯಿತೆಂದರೆ ನಿಮ್ಮ ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಅಲ್ಲಿ ಕಾನೂನು ನೆರವು ಉಚಿತ. ಹೋಗಲು ಹಿಂಜರಿಕೆಯಾದರೆ ಜೊತೆಗೆ ನೆರೆಯವರನ್ನು ಕರೆದುಕೊಳ್ಳಿ. ನಾಳೆ ಬೆಳಿಗ್ಗೆ ಪುಸ್ತಕ ನಿಮ್ಮ ಮುಂದೆ ಬಂದಾಗ, ಪೆನ್ನು ಊರುವ ಮೊದಲು ಒಮ್ಮೆ ಕೇಳಿಕೊಳ್ಳಿ: ಇವತ್ತು ಯಾವ ವಾರ?