ನಾಲ್ಕು ಗಂಟೆಗೆ ಮುಚ್ಚಿದ ತೋಟ

ಹೋದ ವರ್ಷ ನಾನೂ ರುಮಾನಾಳೂ ಪಕ್ಕದ ಊರು ಡ್ಯಾನ್‌ವಿಲ್ಲಿನ ಒಂದು ಮನೆಯ ಹಿತ್ತಲಿಗೆ ಹೋಗಿ, ಬಿಟ್ಟ ಬಾಯಿ ಮುಚ್ಚದೆ ನಿಂತಿದ್ದೆವು. ವರ್ಷಕ್ಕೊಂದು ಭಾನುವಾರ ಇಲ್ಲಿ ಕೆಲವರು ಯಾರು ಬೇಕಾದರೂ ಬಂದು ನೋಡಲಿ ಎಂದು ತಮ್ಮ ಮನೆತೋಟದ ಗೇಟು ತೆರೆದಿಡುತ್ತಾರೆ. ಆ ಮನೆಯಲ್ಲಿ ಗುಲಾಬಿ ಗೋಡೆ ಹತ್ತಿತ್ತು, ಚಪ್ಪರ ಹತ್ತಿತ್ತು, ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ನಮ್ಮ ಹೆಗಲನ್ನೂ ಹತ್ತುತ್ತಿತ್ತೋ ಏನೋ. ಅಷ್ಟು ಚಂದವನ್ನು ಒಬ್ಬ ಮುದುಕಿ ತನ್ನ ಎರಡು ಕೈಯಿಂದ ಮಾಡಿದ್ದಾಳೆ ಎಂದರೆ ನನಗೆ ನಂಬುವುದಕ್ಕೇ ಆಗಲಿಲ್ಲ. ಆಕೆಗೆ ಗುಲಾಬಿ ಅಜ್ಜಿ ಎಂದು ಹೆಸರಿಟ್ಟೆವು.

“ಮಾಧುರಿ, ಒಂದಿನ ಈಕೆ ನನ್ನ ಮಲ್ಲಿಗೆ ನೋಡೋಕೆ ಬರ್ಬೇಕು ಕಣೇ,” ಎಂದಳು ರುಮಾನಾ, ವಾಪಸು ಬರುವಾಗ.

ಸ್ಯಾನ್ ರಮೋನಿನಲ್ಲಿ ಅವಳದು ನನ್ನ ಪಕ್ಕದ ಮನೆ. ಮೈಸೂರು ಮಲ್ಲಿಗೆಯ ಕುಂಡಗಳನ್ನು ಚಳಿಗಾಲಕ್ಕೆ ಗರಾಜಿನೊಳಗೆ ಹೊತ್ತು, ಬಿಸಿಲು ಬಂದರೆ ಹೊರಗೆ ಹೊತ್ತು, ಆಫೀಸಿನ ಮೀಟಿಂಗಿನಲ್ಲೂ ಅವುಗಳ ಎಲೆಯ ಹುಳವನ್ನೇ ಯೋಚಿಸುವ ಹೆಂಗಸು. ಈ ವರ್ಷ ತೆರೆಯುವ ತೋಟಗಳಲ್ಲಿ ಅವಳದೂ ಸೇರಿತು. ಗಿಡ ಬೆಳ್ಳಗೆ ಕಾಣಲಿ ಎಂದು ಎರಡು ದಿನದಿಂದ ಒಂದು ಹೂವನ್ನೂ ಕಿತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಲು ಹೋದರೆ, ರುಮಾನಾ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಗಿಡಗಳಲ್ಲಿ ಬರೀ ಎಲೆ. ಮೈಸೂರಿನಿಂದ ಬಂದಿದ್ದ ಅವಳ ಅತ್ತೆ ನೂರುನ್ನಿಸಾ ಮೇಜಿನ ಮೇಲೆ ಮೊಗ್ಗಿನ ರಾಶಿ ಹಾಕಿಕೊಂಡು ಕಟ್ಟುತ್ತಿದ್ದರು. ಅರಳಿದ್ದ ಹೂವನ್ನೆಲ್ಲ ಹಳೆಯದೆಂದು ಉದುರಿಸಿಬಿಟ್ಟಿದ್ದರು.

“ಅಮ್ಮೀ, ಇವತ್ತೇ ಯಾಕೆ ಕಿತ್ರಿ?”

“ಇವತ್ತೇ ತಾನೆ ಜನ ಬರೋದು! ಹೂವು ಗಿಡದಲ್ಲೇ ಬಾಡ್ತಾ ಇದ್ರೆ ನೋಡಿದೋರು ಏನಂತಾರೆ? ಈ ಮನೇಲಿ ಹೆಣ್ಣುಮಕ್ಕಳೇ ಇಲ್ವಾ ಅಂತಾರೆ.”

ಅವರ ಕಣ್ಣು ಸೊಸೆಯ ಗಿಡ್ಡ ಕೂದಲಿನ ಮೇಲೆ ಒಮ್ಮೆ ಹೋಗಿ ಬಂತು. ಆ ಕೂದಲು ಒಂದು ದಿನವೂ ಹೂವು ಕಂಡಿದ್ದಿಲ್ಲ.

ಜನ ಬಂದರು. ಎಲೆ ನೋಡಿ ‘ಲವ್ಲಿ’ ಎಂದರು. ಹೇಳಲು ಏನೂ ಇಲ್ಲದಾಗ ಇಲ್ಲಿಯವರು ಹೇಳುವ ಮಾತು ಅದು. ನೂರುನ್ನಿಸಾ ಮಾತ್ರ ಕುರ್ಚಿ ಹಾಕಿಕೊಂಡು ಕೂತು, ಬಂದವರ ಮಣಿಕಟ್ಟಿಗೆಲ್ಲ ಒಂದೊಂದು ಗೇಣು ಮೊಗ್ಗಿನ ಮಾಲೆ ಸುತ್ತಿ ಕಳಿಸಿದರು. ಒಬ್ಬಾತ ಇದನ್ನು ತಿನ್ನಬಹುದೇ ಎಂದು ಕೇಳಿದ. ಗುಲಾಬಿ ಅಜ್ಜಿಯೂ ಬಂದಳು. ಹಸಿರು ಕುಂಡಗಳ ಮುಂದೆ ಸ್ವಲ್ಪ ಹೊತ್ತು ನಿಂತಳು, ಕೈಗೆ ಸುತ್ತಿದ್ದ ಮಾಲೆಯನ್ನು ಮುಟ್ಟಿ ನೋಡಿದಳು, ಹೊರಟುಹೋದಳು. ರುಮಾನಾ ಒಳಗೆ ಹೋಗಿ ಅತ್ತಳು. ನನಗೂ ಅವಳ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು.

ನಾಲ್ಕಕ್ಕೆ ಗೇಟು ಹಾಕಿದೆವು. ಹೊತ್ತು ಬೆಟ್ಟದ ಹಿಂದೆ ಇಳಿಯುವಾಗಲೂ ಮೂವರೂ ಒಳಗೇ ಕೂತಿದ್ದೆವು. ಯಾರೋ ಬಾಗಿಲು ಬಡಿದರು. ಗುಲಾಬಿ ಅಜ್ಜಿ! ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು, ಪೆಟ್ಟಾಗಿದೆಯೇನೋ ಅಂದುಕೊಂಡೆ. ಆಕೆ ಕೈ ಚಾಚಿದಳು. ಮಾಲೆ ಪೂರ್ತಿ ಅರಳಿತ್ತು.

“ಪಾತ್ರೆ ತೊಳೆಯುತ್ತಿದ್ದೆ,” ಎಂದಳು ಇಂಗ್ಲಿಷಿನಲ್ಲಿ. “ಒಂದೊಂದಾಗಿ ಬಿಚ್ಚಿಕೊಂಡಿತು. ಇಷ್ಟು ವರ್ಷ ಹೂವು ಬೆಳೆಸಿದ್ದೇನೆ, ಯಾವುದೂ ನನ್ನ ಮೈಮೇಲೆ ಅರಳಿರಲಿಲ್ಲ. ಇವತ್ತು ಬಂದವರೆಲ್ಲರ ಕೈಯಲ್ಲೂ ಈಗ ಹೀಗೇ ಆಗುತ್ತಿದೆಯಾ?”

ನಮಗೆ ಅದು ಹೊಳೆದೇ ಇರಲಿಲ್ಲ. ಲಾಸ್ ಗ್ಯಾಟೋಸಿಗೆ ಹೊರಟವರ ಕಾರಿನಲ್ಲಿ, ಫ್ರೀವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಸ್ಟಿಯರಿಂಗಿನ ಮೇಲೆ, ಯಾರು ಯಾರದೋ ಅಡುಗೆಮನೆಗಳಲ್ಲಿ, ರುಮಾನಾಳ ತೋಟ ಆ ಗಳಿಗೆಯಲ್ಲಿ ಅರಳುತ್ತಿತ್ತು.

ರುಮಾನಾ ತಟ್ಟೆಯಲ್ಲಿ ಉಳಿದಿದ್ದ ತುಂಡು ಮಾಲೆ ಎತ್ತಿಕೊಂಡು ಬಂದು, ಅತ್ತೆಯ ಕಾಲ ಬಳಿ ಬೆನ್ನು ಮಾಡಿ ಕೂತಳು.

“ಅಮ್ಮೀ, ಪಿನ್ ಇದೆಯಾ?”

ನೂರುನ್ನಿಸಾ ತಮ್ಮ ತುರುಬಿನಿಂದ ಒಂದು ಪಿನ್ನು ತೆಗೆದರು. ಸೊಸೆಯ ಕೂದಲನ್ನು ಹಿಡಿದು ನೋಡಿ, ಇನ್ನೊಂದನ್ನೂ ತೆಗೆದರು.